ದಿನಕರ ಸರ್ ಮಾಡಿದ ಮಾರ್ಗದರ್ಶನ

ನಿವೃತ್ತಿಯಾಗುವುದರೊಳಗೆ ಒಬ್ಬರನ್ನಾದರೂ ಸಂಶೋಧಕರನ್ನಾಗಿ ಮಾಡಬೇಕೆಂಬ ಹಟ ಶಿರಾಲಿಯ ದಿನಕರ ಸರ್ ಅವರಿಗಿತ್ತು. ತಾವು ಆಗಲಿಲ್ಲ ಎಂಬುದೇ ಅದಕ್ಕೆ ಕಾರಣ. ತರುಣರಾಗಿದ್ದಾಗ ಅವರೂ ಪಿಎಚ್.ಡಿ.ಗೆ ಸೇರಿದ್ದರು. ಅವರ ಗೈಡು ಅವರಿಗೆ ಕಲಿಸಿದ್ದೆಂದರೆ ಪೇಟೆಯಲ್ಲಿ ತಾಜಾ ಬಂಗಡೆ ಮೀನು ಆರಿಸುವುದು ಮತ್ತು ಗೈಡಿನ ಮಗಳ ಮದುವೆಗೆ ಶಾಮಿಯಾನದವನನ್ನು ಗೊತ್ತು ಮಾಡುವುದು. ಈ ಎರಡರಲ್ಲೂ ಇವರು ಪಳಗುವ ಹೊತ್ತಿಗೆ ಗೈಡು ನಿವೃತ್ತರಾದರು, ಪ್ರಬಂಧ ಅರ್ಧಕ್ಕೇ ನಿಂತಿತು. ಆಮೇಲೆ ಹೊನ್ನಾವರದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಹೇಳುತ್ತಲೇ ತಲೆ ನರೆಯಿತು.

ಹಿರಿಯರು ಕಿರಿಯ ಅಧ್ಯಾಪಕರಿಗೆ ಮೆಂಟರ್ ಆಗಬೇಕೆಂಬ ಸುತ್ತೋಲೆ ಬಂದಾಗ ಉಳಿದ ಹಿರಿಯರೆಲ್ಲ ಮಂಡಿನೋವು, ಬಿ.ಪಿ. ಎಂದು ಮೆಲ್ಲಗೆ ಜಾರಿಕೊಂಡರು. ಎದ್ದು ನಿಂತವರು ಇವರೊಬ್ಬರೇ. ಇವರ ಪಾಲಿಗೆ ಬಂದವಳು ಕುಮಟೆಯ ಚಂದನಾ, ಅತಿಥಿ ಉಪನ್ಯಾಸಕಿ. ಕಾಲೇಜಿನಲ್ಲಿ ಅತಿಥಿ ಎಂದರೆ ಗೊತ್ತಲ್ಲ, ಕೂರಲು ಸ್ವಂತ ಕುರ್ಚಿ ಇಲ್ಲದವರು. ಪಾಠ ಮುಗಿದ ಮೇಲೆ ಅವಳು ಹೊಳೆಬಾಯಿಗೆ ಹೋಗುತ್ತಿದ್ದಳು. ಬಳಚು ಎಂಬ ಪುಟ್ಟ ಚಿಪ್ಪಿಮೀನು ಹೊಳೆಯ ಒಂದು ದಡದಲ್ಲಿ ಬದುಕಿ ಇನ್ನೊಂದರಲ್ಲಿ ಸಾಯುವುದೇಕೆ ಎಂಬುದೇ ಅವಳ ಸಂಶೋಧನೆ. ಅವಳ ಬರಹವನ್ನು ಬಸ್ಸಿನಲ್ಲಿ ಓದುತ್ತ ಕೂತ ದಿನ ದಿನಕರ ಸರ್ ಶಿರಾಲಿಯಲ್ಲಿ ಇಳಿಯುವುದನ್ನೇ ಮರೆತು ಭಟ್ಕಳ ಮುಟ್ಟಿದ್ದರು. ಹುಡುಗಿಯ ಕೆಲಸ ಅಷ್ಟು ಚೆನ್ನಾಗಿತ್ತು.

ಆದರೆ ಮಾರ್ಗದರ್ಶನ ಎಂದರೆ ಏನು ಮಾಡಬೇಕು ಎಂಬುದು ಪಾಪ, ಅವರಿಗೂ ಯಾರೂ ಹೇಳಿಕೊಟ್ಟಿರಲಿಲ್ಲ. ತಮಗೆ ಬರುವುದನ್ನು ಕಲಿಸಿದರು. ವೇದಿಕೆಯ ಮೇಲೆ ಯಾರ ಪಕ್ಕ ಯಾರನ್ನು ಕೂರಿಸಬೇಕು, ಹಾರ ಮೊದಲೋ ಶಾಲು ಮೊದಲೋ, ಕರೆಯೋಲೆಯಲ್ಲಿ ಯಾರ ಹೆಸರು ಬಿಟ್ಟರೆ ಯಾರು ಮುನಿಸಿಕೊಳ್ಳುತ್ತಾರೆ, ಇಂಥದ್ದೆಲ್ಲ. ಚಂದನಾ ತಲೆಯಾಡಿಸಿ ಕೇಳಿಸಿಕೊಂಡು ಹೊಳೆಗೆ ಹೋಗುತ್ತಿದ್ದಳು.

ಹೀಗಿರುವಾಗ ದಿನಕರ ಸರ್ ನಿಜಕ್ಕೂ ಒಂದು ದೊಡ್ಡ ಕೆಲಸ ಮಾಡಿದರು. ಗೋವೆಯ ಸಮುದ್ರ ಸಂಶೋಧನಾ ಕೇಂದ್ರವೊಂದರ ವಿಜ್ಞಾನಿ ರೇಖಾ ಮೇಡಂ ಮೂಲತಃ ಶಿರಾಲಿಯ ಹತ್ತಿರದ ಕಾಯ್ಕಿಣಿ ಊರಿನವರು. ಅವರ ಪ್ರಯೋಗಾಲಯದಲ್ಲಿ ಮೂರು ವರ್ಷದ ಸಂಶೋಧಕರ ಹುದ್ದೆಯೊಂದು ಖಾಲಿ ಇತ್ತು. ತಂಗಿಯ ಮನೆಯ ಗೃಹಪ್ರವೇಶಕ್ಕೆಂದು ಊರಿಗೆ ಬಂದಿದ್ದ ಅವರಿಗೆ ಫೋನಿನ ಮೇಲೆ ಫೋನು ಮಾಡಿ, ಕುಮಟೆಗೆ ರೈಲು ಹಿಡಿಯಲು ಹೋಗುವಾಗ ಹೊನ್ನಾವರದಲ್ಲಿ ಒಂದು ತಾಸು ನಿಂತು ಹುಡುಗಿಯ ಕೆಲಸ ಕೇಳಲು ಒಪ್ಪಿಸಿದರು. ಮೇಡಂ ಮೆಚ್ಚಿದರೆ ಹುದ್ದೆ ಚಂದನಾಳಿಗೆ. ಇಲ್ಲವಾದರೆ ಪರೀಕ್ಷೆ ಮುಗಿದೊಡನೆ ಅತಿಥಿ ಮನೆಗೆ, ಬಳಚು ಹೊಳೆಗೆ.

‘ಸರ್, ಲ್ಯಾಬಲ್ಲೇ ಕೂತು ಮಾತಾಡೂದು ಸಾಕು’ ಎಂದಳು ಚಂದನಾ.

‘ಎಂತ ಹೇಳ್ತೀ ಮಾರಾಯ್ತಿ! ಅಷ್ಟು ದೊಡ್ಡವ್ರನ್ನ ಸ್ಟೂಲಿನ ಮೇಲೆ ಕೂರಿಸಿ ಕಳಿಸೂದಾ? ನೀ ಸುಮ್ನಿರು, ನಾ ಎಲ್ಲ ನೋಡ್ಕಳ್ತೆ.’

ನೋಡಿಕೊಂಡರು. ಬ್ಯಾನರು ಬಂತು, ಹೂಗುಚ್ಛ ಬಂತು, ದೀಪದ ಕಂಬ ಬಂತು. ಪ್ರಾರ್ಥನೆಯಾಯಿತು. ಫ್ಯಾನಿನ ಗಾಳಿಗೆ ದೀಪ ಹತ್ತಲೊಲ್ಲದೆ ಒಂದಿಷ್ಟು ಹೊತ್ತು ಹೋಯಿತು. ಪ್ರಾಂಶುಪಾಲರು ಸ್ವಾಗತಿಸಿದರು. ಆಮೇಲೆ ದಿನಕರ ಸರ್ ‘ಎರಡೇ ಮಾತು’ ಎಂದು ಮೈಕು ಹಿಡಿದರು. ಎರಡೇ ಮಾತು ಎಂದವರು ಈ ಜಿಲ್ಲೆಯಲ್ಲಿ ಎಂದಾದರೂ ಬೇಗ ಕೂತದ್ದುಂಟೇ? ತಮ್ಮ ಗೈಡಿನಿಂದ ತೊಡಗಿದರು, ಬಂಗಡೆಯ ಕತೆ ಹೇಳಿದರು, ಸಭೆ ನಕ್ಕಿತು. ನಕ್ಕದ್ದೇ ತಪ್ಪಾಯಿತು. ಹಿರಿಯರಾದವರು ಕಿರಿಯರಿಗೆ ಮಾತಾಡಲು ಅವಕಾಶ ಕೊಡಬೇಕು ಎಂಬ ವಿಷಯದ ಮೇಲೆ ಬಹಳ ಹೊತ್ತು ಮಾತಾಡಿದರು.

ರೇಖಾ ಮೇಡಂ ಗಡಿಯಾರ ನೋಡಿದ್ದು ಅವರಿಗೆ ಕಂಡಿತು. ಮುಂದಿನ ಸಾಲಿನಲ್ಲಿ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡ ಚಂದನಾಳೂ ಕಂಡಳು. ಕೂರಬೇಕು ಎಂದು ಮನಸ್ಸು ಹೇಳುತ್ತಿತ್ತು, ಬಾಯಿ ಕೇಳಲಿಲ್ಲ. ಅಂತೂ ಕೂತರೆ, ಸಭೆಯ ಅಧ್ಯಕ್ಷರು ಎದ್ದರು. ಅಧ್ಯಕ್ಷರು ಕೂರುವಷ್ಟರಲ್ಲಿ ಮೇಡಂ ಅವರ ಕಾರಿನ ಚಾಲಕ ಬಾಗಿಲಿಗೆ ಬಂದು ನಿಂತಿದ್ದ.

ನಿರೂಪಣೆ ಮಾಡುತ್ತಿದ್ದ ಕಾಮರ್ಸಿನ ಸಂಜಯ ಪ್ರಾಂಶುಪಾಲರ ಮುಖ ನೋಡಿ ಹೇಳಿದ: ‘ಸಮಯದ ಅಭಾವದಿಂದ ಚಂದನಾ ಅವರ ಉಪನ್ಯಾಸವನ್ನು ಕೈಬಿಡಲಾಗಿದೆ. ಈಗ ವಂದನಾರ್ಪಣೆ, ಚಂದನಾ ಅವರಿಂದ.’ ಕಿರಿಯಳಲ್ಲವೇ, ಆ ಕೆಲಸವೂ ಅವಳದೇ.

ಅಯ್ಯೋ, ಎಂತ ಮಾಡಿಟ್ಟೆ ನಾನು ಎಂದು ದಿನಕರ ಸರ್ ತಲೆ ತಗ್ಗಿಸಿದರು. ಇಷ್ಟು ವರ್ಷ ಬೈದುಕೊಂಡ ತಮ್ಮ ಗೈಡನ್ನು ಇನ್ನು ಬೈಯಲು ಮುಖವಿಲ್ಲದಂತಾಯಿತು.

ಚಂದನಾ ಲ್ಯಾಪ್‌ಟಾಪನ್ನು ಕುರ್ಚಿಯ ಮೇಲಿಟ್ಟು ಮೈಕಿನ ಮುಂದೆ ಬಂದಳು. ‘ಮೊದಲಿಗೆ ಹೊಳೆಯ ತೆಂಕಣ ದಡಕ್ಕೆ ಧನ್ಯವಾದ’ ಎಂದಳು. ‘ಅಲ್ಲಿ ಮರಳು ಗಟ್ಟಿ ಇದ್ದುದರಿಂದ ಮಳೆಗಾಲ ಕಳೆದರೂ ಮರಿ ಬಳಚು ಬದುಕಿದವು. ಬಡಗಣ ದಡಕ್ಕೂ ಧನ್ಯವಾದ. ಅಲ್ಲಿ ಕೆಸರು ಕೂತು ಒಂದೂ ಉಳಿಯಲಿಲ್ಲ. ಉಳಿದಿದ್ದರೆ ನನಗೆ ಕಾರಣ ಸಿಗುತ್ತಿರಲಿಲ್ಲ.’

ಸಭೆ ತಬ್ಬಿಬ್ಬಾಯಿತು. ಆದರೆ ವಂದನಾರ್ಪಣೆಯ ನಡುವೆ ಎದ್ದುಹೋಗುವ ರೂಢಿ ಎಲ್ಲಿದೆ? ತಮ್ಮ ಹೆಸರು ಬರುವ ತನಕ ಪ್ರಾಂಶುಪಾಲರೂ ಕೂರಲೇಬೇಕು, ಅಧ್ಯಕ್ಷರೂ ಕೂರಲೇಬೇಕು. ಚಾಲಕ ಕೈಗಡಿಯಾರ ತೋರಿಸಿದ. ರೇಖಾ ಮೇಡಂ ಅವನಿಗೆ ನಿಲ್ಲುವಂತೆ ಸನ್ನೆ ಮಾಡಿ, ವೇದಿಕೆಯಿಂದಲೇ ಕೇಳಿದರು: ‘ಕೆಸರು ಎಷ್ಟು ದಪ್ಪ ಇತ್ತು?’

‘ಒಂದು ಗೇಣು, ಮೇಡಂ. ಅಳೆಯುವಾಗ ದೋಣಿ ಅಲುಗದಂತೆ ಹಿಡಿದ ವೆಂಕಟಣ್ಣನಿಗೂ ಧನ್ಯವಾದ.’

ಈ ಸಲ ಸಭೆ ಬಾಯ್ತುಂಬ ನಕ್ಕಿತು. ಅವಳು ಕೆಸರಿಗೆ, ಉಪ್ಪುನೀರಿಗೆ, ಸತ್ತ ಮರಿಗಳಿಗೆ ಒಂದೊಂದಾಗಿ ವಂದಿಸುತ್ತ ತನ್ನ ಇಡೀ ಸಂಶೋಧನೆಯನ್ನು ಹೇಳಿ ಮುಗಿಸಿದಳು. ಪ್ರಾಂಶುಪಾಲರ, ಅಧ್ಯಕ್ಷರ ಹೆಸರು ಕೊನೆಯಲ್ಲಿ ಅವಸರದಲ್ಲಿ ಬಂದವು.

ರಾಷ್ಟ್ರಗೀತೆ ಮುಗಿದದ್ದೇ ರೇಖಾ ಮೇಡಂ ಪ್ರಾಂಶುಪಾಲರತ್ತ ತಿರುಗಿ, ‘ಪರೀಕ್ಷೆ ಮುಗಿದ ಮೇಲೆ ಇವಳನ್ನು ನಮಗೆ ಬಿಟ್ಟುಕೊಡಿ’ ಎಂದರು. ಉಳಿದ ಪ್ರಶ್ನೆ ದಾರಿಯಲ್ಲಿ ಕೇಳುವುದಾಗಿ ಹೇಳಿ ಚಂದನಾಳನ್ನೂ ಕಾರಿಗೆ ಹತ್ತಿಸಿಕೊಂಡರು. ಕಾರು ಕುಮಟೆಯ ಕಡೆ ಹೊರಟಿತು. ಗಡಿಬಿಡಿಯಲ್ಲಿ ಅವಳು ಹಿಂತಿರುಗಿ ನೋಡಲೂ ಇಲ್ಲ.

ಸಂಜಯ ಬ್ಯಾನರು ಬಿಚ್ಚುತ್ತ ಕಿಚಾಯಿಸಿದ. ‘ಎಂತ ಸರ್, ಹುಡುಗಿ ಕೆಸರಿಗೂ ಧನ್ಯವಾದ ಹೇಳ್ತು. ನಿಮ್ಮ ಹೆಸ್ರೇ ತೆಗೀಲಿಲ್ವಲ?’

ಅದು ದಿನಕರ ಸರ್ ಅವರಿಗೂ ಚುಚ್ಚಿತ್ತು. ಮಾರ್ಗದರ್ಶಕರು ಎಂದು ಒಮ್ಮೆ ಮೈಕಿನಲ್ಲಿ ಕೇಳಬೇಕೆಂದು ಎಷ್ಟು ಆಸೆಯಿತ್ತು! ಬರಹ ಓದಿದ್ದು ಯಾರು, ಗೋವೆಗೆ ಫೋನು ಮಾಡಿದ್ದು ಯಾರು, ಎಲ್ಲ ನಾಲಗೆಯ ತುದಿಗೆ ಬಂತು.

‘ನಾನೇ ಬೇಡ ಅಂದಿದ್ದೆ’ ಎಂದರು. ‘ಅದ್ಕೆ ಹೊತ್ತಿರ್ಲಿಲ್ಲ ಅಲ್ದಾ.’

ಅವರ ಮಾತು ಅಷ್ಟಕ್ಕೇ ನಿಲ್ಲುವುದಿಲ್ಲವೆಂದು ಗೊತ್ತಿದ್ದ ಸಂಜಯ ಬ್ಯಾನರು ಹಿಡಿದುಕೊಂಡೇ ಕಾದು ನಿಂತ. ದಿನಕರ ಸರ್ ಇನ್ನೇನೂ ಹೇಳಲಿಲ್ಲ.