ಅಲ್ಬರಿನ್ಯೋ ಬಾಟಲಿಯ ಮೇಲೆ ಗೂಳಿ

ಕೋವಿಡ್ ಮುಗಿದು ರೆಸ್ಟೋರೆಂಟುಗಳು ಮತ್ತೆ ತುಂಬತೊಡಗಿದ್ದ ವರ್ಷ. ನಾನಾಗ ಅಮೆರಿಕದ ಮಿಲ್ಪಿಟಾಸ್‌ನ ಒಂದು ವೈನ್ ಆಮದು ಕಂಪನಿಯಲ್ಲಿ ಬೈಯರ್ ಆಗಿದ್ದೆ. ಯಾವ ವೈನ್ ತರಿಸಬೇಕೆಂದು ರುಚಿ ನೋಡಿ ಆರಿಸುವುದು ನನ್ನ ಕೆಲಸ. ಹಾಸನದ ಹೆಂಗಸಿಗೆ ಇದೆಂಥ ನೌಕರಿ ಎಂದು ಕನ್ನಡ ಕೂಟದಲ್ಲಿ ಹುಬ್ಬೇರಿಸಿದವರಿದ್ದರು. ಮಾಲೀಕ ಕಿರಣ್ ಮಂಡ್ಯದವರು; ಸಾಫ್ಟ್‌ವೇರ್ ಬಿಟ್ಟು ಈ ವ್ಯಾಪಾರಕ್ಕೆ ಇಳಿದಿದ್ದರು.

ಆ ವರ್ಷ ನಾನು ಆರಿಸಿದ್ದು ಅಲ್ಬರಿನ್ಯೋ ಎಂಬ ಬಿಳಿ ವೈನ್. ಸ್ಪೇನಿನ ವಾಯವ್ಯ ಮೂಲೆಯ ಗಲೀಸಿಯಾದಲ್ಲಿ, ಅಟ್ಲಾಂಟಿಕ್ ದಡದಲ್ಲಿ ಬೆಳೆಯುವ ಅದೇ ಹೆಸರಿನ ದ್ರಾಕ್ಷಿಯದು. ಬೆಳೆಗಾರ್ತಿ ಸಬೇಲಾಳ ತೋಟಕ್ಕೆ ನಾನೇ ಹೋಗಿದ್ದೆ. ಅಲ್ಲಿ ಮಳೆ ವಿಪರೀತ. ಗಾಳಿಯಾಡಿ ಹಣ್ಣು ಕೊಳೆಯದಿರಲೆಂದು ಕಲ್ಲುಕಂಬಗಳ ಮೇಲೆ ಎತ್ತರದ ಚಪ್ಪರ ಹಾಕಿ ಬಳ್ಳಿ ಹಬ್ಬಿಸುತ್ತಾರೆ. ಮಣ್ಣೆಲ್ಲ ಗ್ರಾನೈಟಿನ ಪುಡಿ. ಗಂಡಸರು ಮೀನಿಗೆ ಹೋದಾಗ ಆ ಚಪ್ಪರ ಕಾಪಾಡಿದವರು ಅವಳ ಅಜ್ಜಿ, ಅಮ್ಮ. ಆ ವೈನ್ ಬಾಯಿಗಿಟ್ಟರೆ ಮೊದಲು ನಿಂಬೆಯ ಹುಳಿ, ಕೊನೆಗೆ ನಾಲಿಗೆಯ ಅಂಚಿನಲ್ಲಿ ಸಮುದ್ರದ ಉಪ್ಪು.

ಆ ವೈನಿನ ಬಿಡುಗಡೆ ಹತ್ತಿರದ ಬರ್ಕ್ಲಿಯ ಒಂದು ರೆಸ್ಟೋರೆಂಟಿನಲ್ಲಿ. ಅದಕ್ಕೆಂದೇ ಸಬೇಲಾ ಬಂದಿದ್ದಳು. ಅತಿಥಿಗಳು ಬರುವ ಮುಂಚೆ ಕಿರಣ್ ಬಾಟಲಿಗಳನ್ನು ಮೇಜಿನ ಮೇಲೆ ಜೋಡಿಸಿದರು. ಲೇಬಲ್ ನೋಡಿ ನನ್ನ ಮೈ ಉರಿಯಿತು. ಅವಳ ಮನೆತನದ ಹೆಸರಿರಬೇಕಾದ ಜಾಗದಲ್ಲಿ ಕೆಂಪು ಬಟ್ಟೆ, ನುಗ್ಗಿ ಬರುವ ಗೂಳಿ. ಕೆಳಗೆ ‘ಸುಡುಬಿಸಿಲಿನ ನಾಡಿನಿಂದ’ ಎಂಬ ಒಕ್ಕಣೆ. ಬಾಟಲಿಗಳು ಇಲ್ಲಿಗೆ ಬಂದ ಮೇಲೆ ಕಿರಣ್ ಹೊಸ ಲೇಬಲ್ ಅಂಟಿಸಿದ್ದರು; ನಮ್ಮಿಬ್ಬರಿಗೂ ಒಂದು ಮಾತು ಹೇಳಿರಲಿಲ್ಲ.

“ಇದು ಯಾರ ಊರು?” ಎಂದು ಸಬೇಲಾ ಇಂಗ್ಲಿಷಿನಲ್ಲಿ ನನ್ನನ್ನು ಕೇಳಿದಳು. ನಾನೂ ಇದರಲ್ಲಿ ಸೇರಿದ್ದೇನೆ ಎಂಬ ಅನುಮಾನ ಅವಳ ಕಣ್ಣಲ್ಲಿತ್ತು.

ಕಿರಣ್ ಕನ್ನಡಕ್ಕೆ ತಿರುಗಿದರು. “ಮೇಡಂ, ಟೆನ್ಷನ್ ಮಾಡ್ಕೋಬೇಡಿ. ಸ್ಪೇನ್ ಅಂದ್ರೆ ಇಲ್ಲಿ ಜನಕ್ಕೆ ಗೂಳೀನೇ. ಮಳೆ, ಕಲ್ಲು ಅಂದ್ರೆ ಯಾರು ತಗೋತಾರೆ? ಜಸ್ಟ್ ಮಾರ್ಕೆಟಿಂಗು.”

“ನಿಮ್ಮ ಮಂಡ್ಯದ ಬೆಲ್ಲದ ಮೇಲೆ ಒಂಟೆ, ಮರಳುಗಾಡು ಹಾಕಿ ಮಾರಿದ್ರೆ ಸುಮ್ನಿರ್ತೀರಾ?” ನನ್ನ ದನಿ ಏರಿತ್ತು.

“ಬೆಲ್ಲ ಬೇರೆ, ಇದು ಬೇರೆ.”

“ಏನ್ ಬೇರೆ? ಆಲೆಮನೆ ಮುಂದೆ ನಿಂತು ನಿಮ್ಮಪ್ಪನಿಗೆ ಈ ಮಾತು ಹೇಳ್ತೀರಾ?”

ಕಿರಣ್ ಬಾಗಿಲತ್ತ ನಡೆದರು. ಅತಿಥಿಗಳು ಬಂದ ಮೇಲೆ ಬಿಸಿಲು, ಗೂಳಿಯ ಕಥೆಯನ್ನೇ ಶುರುಮಾಡಿದರು. ನಾನು ಎದ್ದು ನಿಂತು ನಡುವೆಯೇ ತಡೆದೆ. “ಆ ಊರಲ್ಲಿ ಇದ್ಯಾವುದೂ ಇಲ್ಲ. ಬೆಳೆದವಳು ಇಲ್ಲೇ ಇದ್ದಾಳೆ, ಅವಳನ್ನೇ ಕೇಳಿ” ಎಂದೆ. ಸಬೇಲಾ ಎದ್ದು ಮಾತಾಡಿದಳು: ಮಳೆ, ಕಲ್ಲುಕಂಬ, ಅಜ್ಜಿಯ ಬಿರಿದ ಕೈ. ಜನ ಗ್ಲಾಸು ಕೆಳಗಿಟ್ಟು ಕೇಳಿದರು. ಕೊನೆಗೆ ಅವಳು, ಈ ಲೇಬಲ್ಲಿನಡಿ ಇನ್ನೊಂದು ಬಾಟಲಿಯನ್ನೂ ಕಳಿಸುವುದಿಲ್ಲವೆಂದು ಎಲ್ಲರೆದುರೇ ಹೇಳಿದಳು.

ಮರುದಿನ ಕಿರಣ್ ನನ್ನ ರಾಜೀನಾಮೆ ಕೇಳಿದರು. ಕೊಟ್ಟೆ. ಈಗ ಪಕ್ಕದ ಊರು ಕ್ಯಾಂಪ್‌ಬೆಲ್‌ನಲ್ಲಿ ನನ್ನದೇ ಪುಟ್ಟ ವೈನ್ ಅಂಗಡಿಯಿದೆ. ಸಬೇಲಾಳ ವೈನ್ ಅಲ್ಲಿಗೆ ಅವಳ ಹೆಸರಿನಲ್ಲೇ ಬರುತ್ತದೆ. ಕಿರಣ್ ಮಾತ್ರ ಬೇರೆ ಯಾರದೋ ವೈನಿಗೆ ಅದೇ ಗೂಳಿ ಅಂಟಿಸಿ ಮಾರುತ್ತಿದ್ದಾರೆ. ಗ್ರೋಸರಿ ಅಂಗಡಿಯಲ್ಲಿ ಅದು ಕಂಡಾಗಲೆಲ್ಲ ಸಿಟ್ಟು ನೆತ್ತಿಗೇರುತ್ತದೆ. ರುಚಿ ನೋಡುವುದನ್ನು ನನಗೆ ವೈನ್ ತರಗತಿಗಳು ಕಲಿಸಿದವು. ಆ ರುಚಿಗಾಗಿ ಜಗಳ ಕಾಯುವುದೂ ಬೈಯರ್ ಕೆಲಸವೇ ಎಂದು ನೌಕರಿ ಕಲಿಸಿತು.