ಬೀಗರು ಕೊಟ್ಟ ಟೈರುಗಳು

ಆ ಕಾರನ್ನು ನಾನು ಮೊದಲ ದಿನದಿಂದಲೇ ದ್ವೇಷಿಸಿದೆ. ಓದಿದವರು ಹೀಗೆ ಬರೆಯಬಾರದೆಂಬ ಅರಿವು ನನಗಿದೆ. ‘ಅಸಮಾಧಾನ’, ‘ಬೇಸರ’ ಎಂಬ ಪದಗಳನ್ನು ಇಲ್ಲಿ ಇಟ್ಟು ನೋಡಿದೆ. ಎರಡೂ ಸುಳ್ಳೆನಿಸಿದವು.

ಅದು ಬಸವಕಲ್ಯಾಣದಲ್ಲಿ ರೈತರ ಕಾಳುಕಡಿಯನ್ನು ದಲ್ಲಾಳಿಗೆ ಮಾರಿಕೊಡುವ ಅಡತಿ ಅಂಗಡಿ ನಡೆಸುವ ಧಣಿಯೊಬ್ಬರ ಕಾರು. ಹೈದರಾಬಾದಿನಲ್ಲಿ ಯಾರೋ ಬಳಸಿ ಬಿಟ್ಟಿದ್ದನ್ನು ಕೊಂಡು ತಂದಿದ್ದರು. ಹಳದಿ ಬಣ್ಣ, ಎರಡೇ ಆಸನ, ಎಂಜಿನ್ ಬೆನ್ನ ಹಿಂದೆ. ರೇಸಿನ ಕಾರಿನಂತೆ ಗುರುಗುಟ್ಟುವ ಅದನ್ನು ಓಡಿಸುವ ಧೈರ್ಯ ಧಣಿಗಿರಲಿಲ್ಲ. ಅವರ ಡ್ರೈವರ್ ಆಗಿದ್ದ ನನ್ನ ಅಪ್ಪ ಓಡಿಸುತ್ತಿದ್ದರು, ಧಣಿ ಎಡಗಡೆ ಕೂರುತ್ತಿದ್ದರು. ಕಾರು ನೆಲಕ್ಕೆ ಎಷ್ಟು ಹತ್ತಿರವೆಂದರೆ ಒಳಗಿನಿಂದ ತಾವಾಗಿ ಎದ್ದು ಬರುವುದು ಅವರಿಂದ ಆಗುತ್ತಿರಲಿಲ್ಲ. ಅಪ್ಪ ಈ ಕಡೆ ಇಳಿದು, ಸುತ್ತು ಹಾಕಿ ಓಡಿ ಹೋಗಿ, ಎರಡೂ ಕೈ ಹಿಡಿದು ಅವರನ್ನು ಮೇಲೆಬ್ಬಿಸಬೇಕಾಗಿತ್ತು. ನಾನು ವಿಜ್ಞಾನ ಕಲಿಸುವ ಖಾಸಗಿ ಶಾಲೆ ಅದೇ ಬೀದಿಯಲ್ಲಿದೆ. ಈ ದೃಶ್ಯವನ್ನು ನನ್ನ ವಿದ್ಯಾರ್ಥಿನಿಯರು ಕಿಟಕಿಯಿಂದ ನೋಡಿ ನಕ್ಕಾಗ, ಆ ಡ್ರೈವರ್ ನಮ್ಮ ಅಪ್ಪನೆಂದು ನಾನು ಹೇಳಲಿಲ್ಲ. ಹಲಗೆಯ ಕಡೆ ತಿರುಗಿ ಘರ್ಷಣೆಯ ವ್ಯಾಖ್ಯೆ ಬರೆದೆ.

ಮಳೆಗಾಲ ಆರಂಭವಾದ ಮೇಲೆ ಒಂದು ಸಂಜೆ ಅಪ್ಪ ಮೋರಖಂಡಿಯ ನಮ್ಮ ಮನೆಗೆ ಬಂದು, ಕೈಕಾಲು ತೊಳೆಯದೆ ಗೋಡೆಗೆ ಒರಗಿ ಕುಳಿತರು. ತಟ್ಟೆಯಲ್ಲಿ ರೊಟ್ಟಿ ತಣ್ಣಗಾಯಿತು. ನಾನು ಒಳಕೋಣೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಅವ್ವನಿಗೆ ಅವರು ಹೇಳಿದ್ದು ನನಗೂ ಕೇಳಿಸಿತು.

“ಹೈವೇದಾಗ ನೀರ ನಿಂತಿತ್ತ. ಗಾಡಿ ಹಿಂದಿನ ಭಾಗ ಹೊರಳೇ ಬಿಡ್ತ ನೋಡ. ಸ್ಟೇರಿಂಗ್ ನನ್ನ ಕೈಯಾಗ ಅದ, ಗಾಡಿ ನನ್ನ ಕೈಯಾಗ ಇಲ್ಲ. ಮುಂದ ಲಾರಿ. ಇನ್ನೂ ಕೈ ನಡುಗಾಕತ್ತಾವ.”

“ಧಣೇರು ಏನಂದ್ರು?”

“ಹಾರನ್ ಯಾಕ ಹೊಡೀಲಿಲ್ಲ ಅಂದ್ರು.”

ಮರುದಿನ ಶಾಲೆಗೆ ಹೋಗುವಾಗ ಅಂಗಡಿಯ ಮುಂದೆ ನಿಂತಿದ್ದ ಆ ಕಾರಿನ ಹಿಂದೆ ಕುಳಿತು ನೋಡಿದೆ. ಹಿಂದಿನ ಟೈರುಗಳು ಒಳಭಾಗದಲ್ಲಿ ಪೂರ್ತಿ ಬೋಳಾಗಿದ್ದವು. ನೀರು ಹೊರಹೋಗಲು ಇರಬೇಕಾದ ಗೀರುಗಳ ಗುರುತು ಮಾತ್ರ ಉಳಿದಿತ್ತು. ಇನ್ನು ಮಳೆ ಹೆಚ್ಚುವ ದಿನಗಳು, ವಾರಕ್ಕೊಮ್ಮೆಯಾದರೂ ಧಣಿಯ ಹೈದರಾಬಾದ್ ಪ್ರಯಾಣ. ಅಪ್ಪ ಜೀವಂತವಾಗಿ ಮನೆಗೆ ಬರುವುದು ಈ ರಬ್ಬರಿನ ಮೇಲೆ ನಿಂತಿದೆ ಎಂದು ಅಲ್ಲೇ ಕುಳಿತು ಯೋಚಿಸಿದೆ. ಅಂದಿನಿಂದ ನನಗೆ ಬೇರೆ ಯೋಚನೆ ಬರಲಿಲ್ಲ.

ಹೊಸ ಟೈರು ಹಾಕಿಸಲು ಧಣಿ ಒಪ್ಪಿದರು. ಕಾರಿನ ಜೊತೆ ಬಂದ ಪುಸ್ತಕ ಇಂಗ್ಲಿಷಿನಲ್ಲಿದ್ದುದರಿಂದ ನನ್ನನ್ನು ಕರೆಸಿದರು.

“ನಿನ್ನ ಮಗಳು ಸೈನ್ಸ್ ಓದ್ಯಾಳ ಅಂತ ಊರ ತುಂಬ ಹೇಳ್ಕೋತ ತಿರಗತಿ. ಓದಿ ಹೇಳಲಿ ನೋಡೂಣು,” ಎಂದು ಅಪ್ಪನಿಗೆ ಹೇಳಿದರು. ನಾನು ಎದುರಿಗೇ ನಿಂತಿದ್ದೆ. ಕುಳಿತುಕೊಳ್ಳಲು ಯಾರೂ ಹೇಳಲಿಲ್ಲ.

ನಾನು ಪುಸ್ತಕವನ್ನು ಮನೆಗೆ ತಂದು, ಪರೀಕ್ಷೆಗೆ ಓದಿದಂತೆ ಓದಿದೆ. ನನ್ನ ಮನೆತನದಲ್ಲಿ ಪದವಿ ಪಡೆದವಳು ನಾನೊಬ್ಬಳೇ. ನಾನು ತಪ್ಪು ಹೇಳಿದರೆ ಅದು ನನ್ನೊಬ್ಬಳ ತಪ್ಪಾಗಿ ಉಳಿಯುವುದಿಲ್ಲ. ‘ಇವರು ಓದಿದರೂ ಇಷ್ಟೇ’ ಎಂಬ ಮಾತಿಗೆ ಸಾಕ್ಷಿಯಾಗುತ್ತದೆ. ಆದ್ದರಿಂದ ಪ್ರತಿಯೊಂದನ್ನೂ ಫೋನಿನಲ್ಲಿ ಮತ್ತೆ ಹುಡುಕಿ ಖಚಿತಪಡಿಸಿಕೊಂಡೆ. ಆ ಕಾರಿಗೆ ಮುಂದಿನ ಟೈರು ಕಿರಿದು, ಹಿಂದಿನದು ಅಗಲ. ಹಿಂದಿನದನ್ನು ಮುಂದಕ್ಕೆ ಹಾಕುವಂತಿಲ್ಲ. ಅಂಥ ವೇಗಕ್ಕೆಂದೇ ಮಾಡಿದ ಟೈರುಗಳಲ್ಲಿ ಎರಡು ಬಗೆ. ಒಂದು ಒಣ ರಸ್ತೆಯನ್ನು ಕಚ್ಚಿ ಹಿಡಿಯುತ್ತದೆ, ಆದರೆ ನಿಂತ ನೀರಿನ ಮೇಲೆ ತೇಲುತ್ತದೆ. ಇನ್ನೊಂದು ಸ್ವಲ್ಪ ಕಡಿಮೆ ಬಿಗಿ, ಆದರೆ ಆಳವಾದ ಗೀರುಗಳಿಂದ ನೀರನ್ನು ಪಕ್ಕಕ್ಕೆ ಚೆಲ್ಲುತ್ತದೆ. ನಮಗೆ ಬೇಕಾದದ್ದು ಎರಡನೆಯದು. ಇದರಲ್ಲಿ ಸಂಶಯಕ್ಕೆ ಎಡೆಯೇ ಇರಲಿಲ್ಲ.

ಟೈರು ಕೊಳ್ಳಬೇಕಾದದ್ದು ಹುಮನಾಬಾದದಲ್ಲಿ. ಧಣಿಯ ಮಗಳನ್ನು ಕೊಟ್ಟ ಬೀಗರು ಅಲ್ಲಿ ದೊಡ್ಡ ಟೈರಿನ ಅಂಗಡಿ ಇಟ್ಟಿದ್ದಾರೆ. ಅವರನ್ನು ಬಿಟ್ಟು ಬೇರೆ ಕಡೆ ಕೊಳ್ಳುವ ಮಾತೇ ಇಲ್ಲ. ಒಂದು ಭಾನುವಾರ ಧಣಿ ಮತ್ತು ಅಪ್ಪ ಕಾರಿನಲ್ಲಿ ನಿಧಾನವಾಗಿ ಹೋದರು. ಮೂರನೆಯವರಿಗೆ ಜಾಗವಿಲ್ಲದ ಕಾರಾದ್ದರಿಂದ ನಾನು ಬಸ್ಸು ಹಿಡಿದೆ.

ನಾನು ಛತ್ರಿ ಮಡಚುತ್ತ ಅಂಗಡಿ ತಲುಪುವ ಹೊತ್ತಿಗೆ ಟೈರುಗಳನ್ನು ಆರಿಸಿಯೇ ಆಗಿತ್ತು. ಹಲಗೆಯ ಮೇಲೆ ಸಾಲಾಗಿ ನಿಲ್ಲಿಸಿ ಅರಿಶಿನ ಕುಂಕುಮ ಹಚ್ಚಿದ್ದರು. ಪಕ್ಕದ ತಾಟಿನಲ್ಲಿ ತೆಂಗಿನಕಾಯಿ, ಟವೆಲ್, ಟೋಪಿ. ಇದರ ಅರ್ಥ ನನಗೆ ನೋಡಿದೊಡನೆ ಹೊಳೆಯಿತು. ಬೀಗರು ಬೀಗರಿಗೆ ಕೊಡುವ ಉಡುಗೊರೆಗೆ ನಮ್ಮ ಕಡೆ ಆಹೇರ ಎನ್ನುತ್ತಾರೆ. ಸಾಮಾನ್ಯವಾಗಿ ಅದು ಬಟ್ಟೆಬರೆ. ಕೊಟ್ಟವರ ಎದುರಿಗೆ ಅದರ ಗುಣದೋಷ ನೋಡುವಂತಿಲ್ಲ, ಬೇಡವೆನ್ನುವಂತಿಲ್ಲ. ಬೇಡವೆಂದರೆ ಬೀಗತನವನ್ನೇ ಬೇಡವೆಂದಂತೆ. ಬೀಗರು ಟೈರನ್ನೇ ಆಹೇರ ಮಾಡಿ ಬಾಯಿ ಕಟ್ಟಿಬಿಟ್ಟಿದ್ದರು.

“ಬರ್ರಿ ಟೀಚರ್ ಬಾಯಿ,” ಎಂದರು ಬೀಗರು. “ಓದಾಕ ಬಂದೀರಂತಲ್ಲ, ಓದ್ರಿ. ರೇಸ್ ಟೈರ್ ಅದಾವ. ಮುಂಬೈದಾಗ ಹೇಳಿ ತರಿಸೇನಿ. ಹುಮನಾಬಾದಕ್ಕ ಇಂಥಾ ಮಾಲ್ ಬಂದಿದ್ದು ಇದ ಮೊದಲ.”

ಅಳತೆ ಸರಿಯಾಗಿತ್ತು. ಆದರೆ ಮೈಮೇಲೆ ಗೀರುಗಳೇ ಇಲ್ಲವೆನ್ನುವಷ್ಟು ಕಡಿಮೆ. ಬಗ್ಗಿ ನೋಡಿದೆ. ಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಬರೆದದ್ದನ್ನು ಕನ್ನಡದಲ್ಲಿ ಹೇಳಿ, ನನ್ನದೊಂದು ಮಾತು ಸೇರಿಸಿದೆ: “ಇವುಗಳನ್ನು ಒಣಗಿದ ರೇಸ್ ಮೈದಾನದ ಬಳಕೆಗಾಗಿ ತಯಾರಿಸಲಾಗಿದೆ. ಒದ್ದೆ ರಸ್ತೆಯಲ್ಲಿ ಇವು ಹಿಡಿತ ಕಳೆದುಕೊಳ್ಳುತ್ತವೆ. ಆದ್ದರಿಂದ ದಯವಿಟ್ಟು ಮಳೆಗೆ ಹೊಂದುವ ಟೈರುಗಳನ್ನು ತೋರಿಸಬೇಕು.”

“ಏನ್ ಬೀಗರ, ರೇಡಿಯೋದಾಗ ವಾರ್ತೆ ಓದಿದಂಗ ಓದತಾಳಲ್ಲ ಈಕಿ,” ಎಂದು ಅವರು ಧಣಿಗೆ ಹೇಳಿದರು. ಧಣಿ ನಕ್ಕರು. ಟೈರು ಬಿಚ್ಚುತ್ತಿದ್ದ ಕೆಲಸಗಾರರೂ ನಕ್ಕರು. ಅಪ್ಪ ನಗಲಿಲ್ಲ, ನನ್ನ ಕಡೆ ನೋಡಲೂ ಇಲ್ಲ.

“ಹವಾಮಾನ ಕೂಡ ಹೇಳ್ರಿ ಬಾಯಿ. ನಾಳಿ ಮಳಿ ಅದನೋ ಇಲ್ಲೋ?” ಎಂದು ಬೀಗರೇ ಮತ್ತೆ ಕೇಳಿದರು.

“ನಾಳೆಯ ಮಾತೇಕೆ? ಹೊರಗೆ ಈಗಲೇ ಬರುತ್ತಿದೆ,” ಎಂದೆ. ಹಾಗೆನ್ನಿಸಿದ್ದು ಭಯವೋ ಸಿಟ್ಟೋ ಎಂದು ಬೇರ್ಪಡಿಸಲು ನನಗೆ ಇಂದಿಗೂ ಆಗುವುದಿಲ್ಲ.

“ರೇಸಿನ್ಯಾಗ ಹೋಗೂ ಟೈರು, ಹೈವೇದಾಗ ಹೋಗೂದಿಲ್ಲೇನು? ಏನ್ ಮಾತಾಡಾಕತ್ತಾಳ್ರಿ ಈಕಿ,” ಎಂದು ಬೀಗರು ಧಣಿಯ ಕಡೆ ತಿರುಗಿದರು. “ಪ್ರೀತಿಲೆ ಕೊಟ್ಟೇನಿ. ನಿಮ್ಮ ಡ್ರೈವರನ ಮಗಳು ನನ್ನ ಆಹೇರಕ್ಕ ಕುಂದ ಇಡಾಕತ್ತಾಳ. ನೀವು ಕೇಳ್ಕೋತ ನಿಂತೀರಿ.”

“ಸಾಕ ಬಿಡ ಹುಡುಗಿ,” ಎಂದರು ಧಣಿ. “ನಿನಗ ಓದಂದೇನಿ, ಆರಸು ಅಂದಿಲ್ಲ.”

ಅಲ್ಲಿಗೆ ನಾನು ಸುಮ್ಮನಾಗಬಹುದಿತ್ತು. ಸುಮ್ಮನಾಗುವುದನ್ನು ನಮ್ಮ ಮನೆಯಲ್ಲಿ ಎಲ್ಲರೂ ಚೆನ್ನಾಗಿ ಕಲಿತಿದ್ದೇವೆ. ಆದರೆ ತಣ್ಣಗಾದ ಆ ರೊಟ್ಟಿ ಕಣ್ಣಿಗೆ ಕಟ್ಟಿತು. “ಹೋದ ಬಾರಿ ಕಾರು ಜಾರಿದಾಗ ನಮ್ಮ ಅಪ್ಪ ಮನೆಗೆ ಬಂದು ಊಟ ಮಾಡಲಿಲ್ಲ. ಅವರ ಕೈ ನಡುಗುತ್ತಿತ್ತು,” ಎಂದುಬಿಟ್ಟೆ.

ಚಕ್ರ ಬಿಚ್ಚುವ ಸದ್ದು ನಿಂತಿತು.

“ಹಂಗ ಹೇಳ್ರಿ ಮತ್ತ,” ಎಂದರು ಬೀಗರು. “ಡ್ರೈವರ್ ಅಂಜುಬುರಕ ಇದ್ರ ಟೈರಿಗ್ಯಾಕ ಬೈತೀರಿ?”

ಧಣಿ ಅಪ್ಪನನ್ನು ಕೇಳಿದರು: “ಅಂಜತೀ ಏನೋ?”

“ಇಲ್ರಿ, ಧಣೇರ.”

“ಈ ಟೈರ್ ಹಾಕಿದ್ರ ಹೊಡೀತಿ?”

“ಹೊಡೀತೇನ್ರಿ.” ಅಪ್ಪ ಹೆಗಲ ಮೇಲಿನ ವಸ್ತ್ರದಿಂದ ಕೈ ಒರೆಸಿಕೊಂಡರು. ಆಮೇಲೆ, ಅದೇ ವಿನಯದ ಧ್ವನಿಯಲ್ಲಿ, “ಮಳಿ ನಿಂತ ಮ್ಯಾಲ ಹೊಡೀತೇನ್ರಿ,” ಎಂದರು.

“ಇದು ನಿಲ್ಲೂ ಮಳಿ ಏನಲೇ? ನಾ ಬುಧವಾರ ಹೈದರಾಬಾದಿಗೆ ಹೋಗಬೇಕ.”

“ಹೌದ್ರಿ,” ಎಂದರು ಅಪ್ಪ.

ಅಪ್ಪ ಧಣಿಗೆ ಇಲ್ಲವೆಂದದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಅಂದೂ ಇಲ್ಲವೆನ್ನಲಿಲ್ಲ, ನಿಜ. ಆದರೆ ಆ ಕಾರನ್ನು ಓಡಿಸಬಲ್ಲ ಇನ್ನೊಬ್ಬ ಡ್ರೈವರ್ ಬಸವಕಲ್ಯಾಣದಲ್ಲಿ ಇಲ್ಲವೆಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಧಣಿ ಒಮ್ಮೆ ಕಾರನ್ನು ನೋಡಿದರು, ಒಮ್ಮೆ ಬೀಗರನ್ನು ನೋಡಿದರು. ಟೈರು ಹಾಕಿಸಿದರೆ ಹೈದರಾಬಾದ್ ಇಲ್ಲ, ಬಿಟ್ಟರೆ ಬೀಗತನಕ್ಕೆ ಪೆಟ್ಟು. ಅವರ ಮುಖದಲ್ಲಿ ಆ ಇಕ್ಕಟ್ಟನ್ನು ಕಂಡು ನನಗೆ ಸಂತೋಷವಾಯಿತು. ಆ ಸಂತೋಷದ ಭರದಲ್ಲಿ ನನ್ನ ತಿದ್ದಿದ ಕನ್ನಡ ಕೈಬಿಟ್ಟಿತು. ಪರಿಹಾರ ಸೂಚಿಸುವ ಉದ್ದೇಶ ನನಗೆ ಕಿಂಚಿತ್ತೂ ಇರಲಿಲ್ಲ, ಚುಚ್ಚುವುದಷ್ಟೇ ಬೇಕಾಗಿತ್ತು.

“ಆಹೇರದ ಸೀರಿ ನಿಮ್ಮ ಮನ್ಯಾಗ ಏನ್ ಮಾಡತಾರ್ರಿ? ಕೊಟ್ಟವ್ರ ಮುಂದ ಒಂದ್ ಸಲ ಉಟ್ಟ ತೋರಿಸಿ ಟ್ರಂಕಿಗೆ ಹಾಕತಾರಿಲ್ಲ? ಇದನ್ನೂ ಹಂಗ ಮಾಡ್ರಿ. ಅಂಥಾ ಸೀರಿ ಉಟ್ಟು ಹೊಲಕ್ಕ ಯಾರರ ಹೋಗತಾರೇನು?”

ಬೀಗರು ಕುರ್ಚಿಯಿಂದ ಎದ್ದರು. “ನನ್ನ ಟೈರಿಗೆ ಸೀರಿ ಅಂತಾಳ್ರಿ ಈಕಿ.”

ಆದರೆ ಧಣಿಯ ಮುಖ ತಿಳಿಯಾಗಿತ್ತು. ಅವರು ಆ ಮಾತನ್ನು ನನ್ನ ಬಾಯಿಂದ ಕಿತ್ತುಕೊಂಡು ತಮ್ಮದೆಂಬಂತೆ ಬೀಗರ ಮುಂದಿಟ್ಟರು. “ಸಿಟ್ಟಿಗೆ ಏಳಬ್ಯಾಡ್ರಿ ಬೀಗರ. ಎಂಥಾ ಸೀರಿ ಟ್ರಂಕಿಗೆ ಹೋಗತಾವ ಹೇಳ್ರಿ? ಛಲೋ ಸೀರಿನ ಹೋಗತಾವ. ಹಳೀ ಸೀರಿ ಮೈಮ್ಯಾಲ ಇರತಾವ. ನಿಮ್ಮ ಮಾಲು ಬ್ಯಾಸಿಗಿಗೆ ಇಡತೇನಿ. ಈಗ ನೀವ ಕೂಡ್ರಿ, ಒಂದ್ ರೌಂಡ್ ಹೊಡದ ಬರ್ರಿ. ನಾಕ ಮಂದಿ ನೋಡಲಿ.”

ಹಾಗೆ ಆಹೇರದ ಟೈರುಗಳು ಕಾರಿಗೇರಿದವು. ಬೀಗರು ತಮ್ಮ ಟೋಪಿ ಹಾಕಿಕೊಂಡು ಎಡಗಡೆ ಕುಳಿತರು. ಅಪ್ಪ ತುಂತುರು ಮಳೆಯಲ್ಲಿ, ಮದುವೆಯ ದಿಬ್ಬಣದ ವೇಗದಲ್ಲಿ, ಬಸ್ ನಿಲ್ದಾಣದ ತನಕ ಹೋಗಿ ಮರಳಿದರು. ಅಂಗಡಿಯ ಮುಂದಿನ ಸಿಮೆಂಟಿನ ಮೇಲೆ ಬ್ರೇಕು ಹಾಕಿದಾಗ ಕಾರು ನಿಲ್ಲಬೇಕಾದಲ್ಲಿ ನಿಲ್ಲದೆ ಸದ್ದಿಲ್ಲದೆ ಮುಂದೆ ಸರಿಯಿತು; ಪಂಕ್ಚರ್ ನೋಡುವ ನೀರಿನ ತೊಟ್ಟಿಗೆ ಮೂತಿ ತಾಗಿಸಿ ನಿಂತಿತು. ತೊಟ್ಟಿಯ ನೀರು ಧಣಿಯ ಚಪ್ಪಲಿಯ ಮೇಲೆ ಚೆಲ್ಲಿತು. ಅಪ್ಪ ಸುತ್ತು ಹಾಕಿ ಓಡಿ ಬಂದು ಬೀಗರನ್ನು ಎಬ್ಬಿಸಿದರು.

“ಸಿಮೆಂಟ್ ನುಣ್ಣಗದ,” ಎಂದರು ಬೀಗರು. ಒಳಗೆ ಹೋಗಿ ಹೈದರಾಬಾದಿಗೆ ಫೋನು ಹಚ್ಚಿ, ನಾನು ಮೊದಲೇ ಹೇಳಿದ ಬಗೆಯ ಟೈರುಗಳನ್ನು ತರಿಸಲು ಹೇಳಿದರು. ಅಳತೆ ಕೇಳಲು ನನ್ನ ಕಡೆ ತಿರುಗಲಿಲ್ಲ. ಧಣಿಯನ್ನು ಕೇಳಿದರು. ಧಣಿ ಅಪ್ಪನನ್ನು ಕೇಳಿದರು. ಅಪ್ಪ ನನ್ನನ್ನು ಕೇಳಿದರು. ನನ್ನ ಉತ್ತರ ಅದೇ ದಾರಿಯಲ್ಲಿ ಹಿಂದಿರುಗಿತು. ಮಾಲು ಮಂಗಳವಾರ ಬರುವುದೆಂದಾಯಿತು. ಕಾರನ್ನು ಅಲ್ಲಿಯೇ ಬಿಟ್ಟು, ಧಣಿ ಬೀಗರ ಮನೆಗೆ ಊಟಕ್ಕೆ ಹೋದರು.

ಅಪ್ಪ ಮತ್ತು ನಾನು ಬಸ್ಸಿನಲ್ಲಿ ಹೊರಟೆವು. ನನ್ನ ಪಕ್ಕದ ಆಸನ ಖಾಲಿ ಇತ್ತು. ಅಪ್ಪ ಆಚೆ ಸಾಲಿನಲ್ಲಿ ಕುಳಿತರು. ಊರು ದಾಟಿದ ಮೇಲೆ, ಮುಂದೆ ನೋಡುತ್ತಲೇ ಕೇಳಿದರು:

“ಕೈ ನಡುಗಿದ್ದು ನಿನ್ನ ಮುಂದ ಹೇಳಿದ್ನೇನು?”

“ಅವ್ವಗ ಹೇಳಿದಿ. ನನಗ ಕೇಳಸ್ತು.”

“ಅವ್ವಗ ಹೇಳಿದ್ದು ಅವ್ವಗ. ಅದನ್ನ ಹುಮನಾಬಾದದ ಮಂದಿ ಮುಂದ ಹರವಿದಿ. ಇಷ್ಟ ವರ್ಷ ಸ್ಟೇರಿಂಗ್ ಹಿಡದೇನಿ, ಅಂಜುಬುರಕ ಅಂತ ಯಾರೂ ಅಂದಿದ್ದಿಲ್ಲ.”

“ಟೈರ್ ಬದಲಿ ಆಗತಾವಲ್ಲಪ್ಪಾ.”

“ಇಜ್ಜತ್ ಬದಲಿ ಆಗತದೇನು? ಅದಕ್ಕ ಯಾವ ಅಂಗಡಿ ಅದ ಹೇಳು, ನೀ ಓದಿದಾಕಿ.”

ಅವರನ್ನು ಅಂಜುಬುರಕ ಎಂದದ್ದು ನಾನಲ್ಲ, ಬೀಗರು. ಅಪ್ಪನ ಮೇಲೆ ನನಗೂ ಸಿಟ್ಟು ಬಂದಿತ್ತು. ಎಲ್ಲರ ಮುಂದೆ ಹೌದ್ರಿ ಎನ್ನುವವರು ನನ್ನ ಮುಂದೆ ಮಾತ್ರ ಹೀಗೆ ನೆಟ್ಟಗೆ ನಿಲ್ಲುತ್ತಾರೆ ಎಂದುಕೊಂಡೆ. ಬಸವಕಲ್ಯಾಣದಲ್ಲಿ ಇಳಿದು, ಮೋರಖಂಡಿಯ ಟೆಂಪೋದಲ್ಲಿಯೂ ಬೇರೆಬೇರೆ ಕುಳಿತೆವು.

ಬುಧವಾರ ಬೆಳಿಗ್ಗೆ ಶಾಲೆಗೆ ಹೋಗುವಾಗ, ಹಿಂದಿನ ದಿನ ಅಪ್ಪ ಹುಮನಾಬಾದಿಗೆ ಹೋಗಿ ತಂದ ಕಾರು ಅಡತಿ ಅಂಗಡಿಯ ಮುಂದಿತ್ತು. ಮುಂದೆ ಕಿರಿದು, ಹಿಂದೆ ಅಗಲ, ಬೆರಳು ಇಳಿಯುವಂಥ ಗೀರುಗಳು. ಬಗ್ಗಿ ಪ್ರತಿಯೊಂದನ್ನೂ ಓದಿದೆ. ಗಾದಿಯ ಮೇಲೆ ಕುಳಿತ ಧಣಿ ಯಾರಿಗೋ, “ಮಳಿಗಾಲಕ್ಕ ಬ್ಯಾರೆ, ಬ್ಯಾಸಿಗಿಗೆ ಬ್ಯಾರೆ. ನಾನ ನೋಡಿ ಆರಿಸೇನಿ,” ಎನ್ನುತ್ತಿದ್ದರು. ನನ್ನನ್ನು ಕಂಡರೂ ಧ್ವನಿ ತಗ್ಗಿಸಲಿಲ್ಲ.

ಅಂದು ಮಧ್ಯಾಹ್ನದಿಂದ ಮಳೆ ಜೋರಾಯಿತು. ತರಗತಿಯಲ್ಲಿ ನಾನು ಏನು ಕಲಿಸಿದೆನೋ ನೆನಪಿಲ್ಲ. ಅಪ್ಪನಿಗೆ ಫೋನು ಮಾಡಲಿಲ್ಲ. ಭಾನುವಾರದಿಂದ ಅವರು ನನ್ನೊಡನೆ ಮಾತು ಬಿಟ್ಟಿದ್ದರು. ಕತ್ತಲಾಗುವ ಹೊತ್ತಿಗೆ ಅಂಗಳದಲ್ಲಿ ಅವರ ಕೆಮ್ಮು ಕೇಳಿಸಿತು. ಕೈಕಾಲು ತೊಳೆದು ಬಂದು ಕುಳಿತರು. ಅವ್ವ ತಟ್ಟೆ ಇಟ್ಟಳು. ನಾನು ಬಾಗಿಲಲ್ಲಿ ನಿಂತು, “ನೀರಿನ್ಯಾಗ ಹ್ಯಾಂಗ ಹಿಡೀತಾವಪ್ಪಾ?” ಎಂದು ಕೇಳಿದೆ.

ಅವರು ರೊಟ್ಟಿ ಮುರಿದರು. “ಛಲೋ ಹಿಡೀತಾವಂತ ಹೇಳು ಆಕಿಗಿ,” ಎಂದು ಅವ್ವನಿಗೆ ಹೇಳಿ, ಪಲ್ಯ ಇನ್ನಷ್ಟು ಹಾಕಿಸಿಕೊಂಡರು.