ಕೀ ಹುಡುಕುವ ಆಟ

ಅಮೆರಿಕದ ಮಾರಿಸ್‌ವಿಲ್‌ನ ಭಾನುವಾರದ ಕನ್ನಡ ತರಗತಿಯಲ್ಲಿ ಮೂರು-ನಾಲ್ಕು ವರ್ಷದ ಮಕ್ಕಳನ್ನು ನನ್ನ ಕೈಗೆ ಒಪ್ಪಿಸಿದ್ದರು. ನನಗೆ ಪಾಠ ಹೇಳಲು ಬಾರದು, ಅಣಕಿಸಲು ಬರುತ್ತದೆ. ಆ ವಯಸ್ಸಿಗೆ ಅಷ್ಟು ಸಾಕು ಅಂದುಕೊಂಡಿರಬೇಕು. ನಾನು ಆನೆಯಂತೆ ನಡೆದರೆ ಹಿಂದೆ ಹನ್ನೊಂದು ಮರಿಗಳು. ಕಾವಲಿಯ ಮೇಲಿನ ದೋಸೆಗಳಾಗಿ ನೆಲದ ಮೇಲೆ ಮಗುಚಿಕೊಳ್ಳುತ್ತಿದ್ದೆವು. ಮ್ಯೂಟ್ ತೆಗೆಯಲು ಮರೆತು ಮೀಟಿಂಗಿನಲ್ಲಿ ಬಾಯಾಡಿಸುವ ಅಪ್ಪಂದಿರನ್ನು ಮಾಡಿದರಂತೂ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ಬಾಗಿಲಲ್ಲಿ ನಿಂತ ಅಪ್ಪಂದಿರು ಸ್ವಲ್ಪ ಕಡಿಮೆ.

ಹನ್ನೆರಡಕ್ಕೆ ತರಗತಿ ಮುಗಿದರೆ ಸೋಮವಾರದ ಮೊದಲ ಮೀಟಿಂಗಿನವರೆಗೆ ನನ್ನೊಂದಿಗೆ ಮಾತಾಡುವವರು ಯಾರೂ ಇರುತ್ತಿರಲಿಲ್ಲ. ಒಮ್ಮೆ ನಿಜವಾಗಿಯೂ ಕಾರಿನ ಕೀ ಕಾಣದೆ ಹುಡುಕುತ್ತಿದ್ದಾಗ ಆಂಟಿಯೊಬ್ಬರು, "ಅದು ಸಿಗೋವರ್ಗೂ ಹಸ್ಕೊಂಡಿರ್ಬೇಡ, ಊಟಕ್ಕೆ ಬಾರೋ" ಎಂದು ಕರೆದುಕೊಂಡು ಹೋಗಿದ್ದರು. ಅಂದಿನಿಂದ ನನ್ನ ಕೀ ಪ್ರತಿ ಭಾನುವಾರವೂ ಕಳೆದುಹೋಗತೊಡಗಿತು. ಎಲ್ಲರೂ ಶೂ ಹಾಕಿಕೊಳ್ಳುವಾಗ ನಾನು ಜೇಬು ತಟ್ಟಿಕೊಳ್ಳುತ್ತಾ ನಿಲ್ಲುತ್ತಿದ್ದೆ. ಮತ್ತೆ ಯಾರೂ ಕರೆಯಲಿಲ್ಲ.

ಒಂದು ಭಾನುವಾರ ಆಟ ಬದಲಿಸಿದೆ. ಒಬ್ಬರು ಯಾರನ್ನಾದರೂ ಮಾಡಿ ತೋರಿಸಬೇಕು, ಉಳಿದವರು ಯಾರೆಂದು ಹೇಳಬೇಕು. ನಾಲ್ಕು ವರ್ಷದ ಹುಡುಗಿಯೊಬ್ಬಳು ಎದ್ದಳು. ಎಡಗಡೆ ತಟ್ಟಿಕೊಂಡಳು, ಬಲಗಡೆ ತಟ್ಟಿಕೊಂಡಳು, ಓರೆಗಣ್ಣಿನಲ್ಲಿ ಬಾಗಿಲ ಕಡೆ ನೋಡಿದಳು, ಮತ್ತೆ ತಟ್ಟಿಕೊಂಡಳು. ಅವಳ ಫ್ರಾಕಿಗೆ ಜೇಬೇ ಇರಲಿಲ್ಲ.

"ಅಂಕಲ್! ಇಟ್ಸ್ ಅಂಕಲ್!"

"ಸರಿ, ಅಂಕಲ್ ಏನ್ ಮಾಡ್ತಿದಾರೆ?" ಎಂದೆ, ನಗುತ್ತಲೇ.

"ವೇಯ್ಟ್ ಮಾಡ್ತಿದಾರೆ," ಅಂದಳು.

ಇಷ್ಟು ಒಳ್ಳೆಯ ಅಣಕವನ್ನು ನಾನೂ ಮಾಡಿದವನಲ್ಲ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ.

ಅಂದು ಹನ್ನೆರಡಾಗುತ್ತಲೇ ಕೀ ಕೈಯಲ್ಲಿ ಹಿಡಿದು ಮೊದಲು ಹೊರಬಿದ್ದವನು ನಾನೇ. ಕಾರಿನ ಬಾಗಿಲು ತೆಗೆಯುವಾಗ ಆ ಹುಡುಗಿಯ ಅಮ್ಮ ಹಿಂದಿನಿಂದ ಕೂಗಿದರು.

"ಏನಪ್ಪಾ, ಇವತ್ತು ಕೀ ಬೇಗ ಸಿಕ್ಬಿಡ್ತು? ಬಿಸಿಬೇಳೆಬಾತ್ ಮಾಡಿದೀನಿ, ನಿನ್ನ ಊಟಕ್ಕೆ ಕರಿಯೋಣ ಅನ್ಕೊಂಡಿದ್ದೆ. ಅರ್ಜೆಂಟಲ್ಲಿದೀಯಾ?"

"ಹೂಂ ಅಕ್ಕಾ, ಸ್ವಲ್ಪ ಅರ್ಜೆಂಟು."

ಬಿಡುವಿಲ್ಲದವನ ಪಾತ್ರ ಚೆನ್ನಾಗಿಯೇ ಬಂತು. ವಾಚನ್ನೂ ಒಮ್ಮೆ ನೋಡಿಕೊಂಡೆ.

"ಹಾಗಾದ್ರೆ ಇನ್ನೊಂದ್ಸಲ," ಅಂದರು.

ಅವರ ಗಾಡಿ ಪಕ್ಕದಲ್ಲೇ ಹಾದುಹೋಯಿತು. ಹಿಂದಿನ ಸೀಟಿನಿಂದ ಹುಡುಗಿ ನನ್ನನ್ನು ನೋಡುತ್ತಾ ಎಡಗಡೆ, ಬಲಗಡೆ ತಟ್ಟಿಕೊಂಡಳು. ನಾನೂ ತಟ್ಟಿಕೊಂಡು ತೋರಿಸಿದೆ. ಆಮೇಲೆ ಪಾರ್ಕಿಂಗ್ ಲಾಟ್ ಪೂರ್ತಿ ಖಾಲಿಯಾಗುವವರೆಗೆ ಕಾರು ಸ್ಟಾರ್ಟ್ ಮಾಡದೆ ಕುಳಿತಿದ್ದೆ.